ಎತ್ತಿ ಕುಡಿದ ಬಟ್ಟಲು

ಜರ್ಮನ್‌ಟೌನ್, ಮೇರಿಲ್ಯಾಂಡ್
ಮಾರ್ಚ್ 4, 1997

ಪ್ರೀತಿಯ ಶೈಲಜಾ,

ಯೇಸುವಿನ ಹೆಸರಲ್ಲಿ ನಿನಗೂ ಕರುಣಾಕರನಿಗೂ ವಂದನೆ. ನಿನ್ನ ಬೆನ್ನುನೋವು ಹೇಗಿದೆ? ನಿನ್ನ ಗಂಡ, ಅದೇ ನನ್ನ ತಮ್ಮ, ಬಿ.ಪಿ. ಮಾತ್ರೆ ಸರಿಯಾಗಿ ತಗೋತಾನಾ, ಇಲ್ಲಾ ಮರೆತೆ ಅಂತ ಹಲ್ಲು ಕಿರೀತಾನಾ? ನಿಮ್ಮ ಏಪೆಕ್ಸ್ ಊರಿಂದ ಅವನು ಫೋನ್ ಮಾಡಿದಾಗೆಲ್ಲ ನೀನು ಅಡುಗೆಮನೇಲಿ ಬ್ಯುಸಿ. ಯಾಕೆ ಅಂತ ಗೊತ್ತು ಕಣೇ. ನೀವು ಇಲ್ಲಿದ್ದಾಗ, ನಿನ್ನ ದೀಕ್ಷಾಸ್ನಾನ ಆದ ವಾರವೇ, ಕುಂಕುಮ ಒರೆಸ್ಕೊಂಡು ಪ್ರಭುಭೋಜನಕ್ಕೆ ಬಾ ಅಂತ ಎಲ್ಲರೆದುರು ನಿನ್ನ ತಡೆದವಳು ನಾನು. ಅವತ್ತಿಂದ ನೀನು ಯಾವ ಚರ್ಚಿನ ಸಭೆಗೂ ಕಾಲಿಟ್ಟಿಲ್ಲ, ಎರಡು ವರ್ಷ ಆಯ್ತು. ಕೋಪ ಇದ್ರೂ ಇದನ್ನ ಪೂರ್ತಿ ಓದು.

ನಮ್ಮ ಕನ್ನಡ ಸಭೆಗೆ ರೇಣುಕಾದೇವಿ ಅಂತ ಹೊಸಬಳು ಸೇರಿದಾಳೆ, ಹಾವೇರಿ ಕಡೆಯವಳು. ಹೋದ ತಿಂಗಳು ದೀಕ್ಷಾಸ್ನಾನ ಆಯ್ತು. ಹಣೇಲಿ ಕುಂಕುಮ, ಬೂಟು ಬಾಗಿಲಲ್ಲೇ ಬಿಟ್ಟು ಬರಿಗಾಲಲ್ಲಿ ಒಳಗೆ ಬರ್ತಾಳೆ, ಈ ಚಳೀಲಿ! ಭಾನುವಾರ ಅವಳಿಗೆ ಮೊದಲನೇ ಪ್ರಭುಭೋಜನ. ದ್ರಾಕ್ಷಾರಸಕ್ಕೆ ನಮ್ಮದು ಒಂದೇ ಬಟ್ಟಲು, ಎಲ್ಲರೂ ತುಟಿಯಿಟ್ಟು ಕುಡಿಯೋದು ಅಲ್ವಾ? ಇವಳು ಮೇಲಕ್ಕೆತ್ತಿ, ತುಟಿಗೆ ತಾಗಿಸದೆ, ಬಾಯಿಗೆ ಸುರ್ಕೊಂಡ್ಬಿಟ್ಟಳು! ಪಕ್ಕದಲ್ಲಿದ್ದ ಸತ್ಯಪಾಲ ಅಂಕಲ್ ಕೆಂಡ ಆದರು. ನಮ್ಮ ಎಂಜಲು ಅಂದ್ರೆ ಅಷ್ಟು ಹೇಸಿಗೇನಾ, ಈ ಮಡಿ, ಕುಂಕುಮ ಎಲ್ಲ ಬಿಟ್ಟು ಆಮೇಲೆ ಬಾ ಅಂದರು. ಪಾಪ, ಅವಳು "ನನ್ನ ಎಂಜಲು ದೊಡ್ಡೋರು ನಿಮಗೆ ತಾಗಬಾರದು ಅಂತ, ಅಂಕಲ್" ಅಂದು, ಬಟ್ಟಲು ಕೆಳಗಿಟ್ಟು ಬಾಗಿಲ ಕಡೆ ಹೊರಟಳು.

ಅವಳ ಬೆನ್ನು ನೋಡಿದೆ ನೋಡು, ನೀನೇ ಹೋಗ್ತಿದ್ದ ಹಾಗಾಯ್ತು. ಓಡಿಹೋಗಿ ಕೈ ಹಿಡಿದು ಎಳ್ಕೊಂಡು ಬಂದೆ, ಆ ಬಟ್ಟಲನ್ನ ನಾನೂ ಎತ್ತಿ ಸುರ್ಕೊಂಡೆ. ಅಭ್ಯಾಸ ಎಲ್ಲಿದೆ? ಅರ್ಧ ಬಾಯಿಗೆ, ಅರ್ಧ ನನ್ನ ಬಿಳಿ ರೇಷ್ಮೆ ಸೀರೆಗೆ! ಪಾಸ್ಟರ್ ನಕ್ಕರು, ಆಮೇಲೆ ಇಡೀ ಸಭೆಯೇ ನಕ್ಕಿತು. ಪಾಸ್ಟರೂ ಎತ್ತಿ ಕುಡಿದು, ಬಟ್ಟಲನ್ನ ರೇಣುಕಾದೇವಿ ಕೈಗೆ ಕೊಟ್ಟರು. ಸತ್ಯಪಾಲ ಅಂಕಲ್ ಮಾತ್ರ ಮುಖ ಗಂಟು ಹಾಕ್ಕೊಂಡು ನಿಂತಿದ್ರು. ಕೊನೆಗೆ "ಕೊಡಮ್ಮ ಇಲ್ಲಿ" ಅಂತ ರೇಣುಕಾದೇವಿ ಕೈಯಿಂದಲೇ ಇಸ್ಕೊಂಡು ಎತ್ತಿದರು. ಟೈ ತುಂಬ ದ್ರಾಕ್ಷಾರಸ! ಗೆದ್ದುಬಿಟ್ವಿ ಶೈಲಜಾ! ಕುಂಕುಮ ಇಟ್ಕೊಂಡೇ ಅವಳು ಮುಂದಿನ ಬೆಂಚಲ್ಲಿ ಕೂತು ಗಟ್ಟಿಯಾಗಿ ಹಾಡಿದಳು.

ದೇವರು ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ
ಸುಗಂಧಕ್ಕ

ತಾ.ಕ.: ಅವತ್ತು ನಿನಗೆ ನಾನು ಮಾಡಿದ್ದು ತಪ್ಪು. ಕಾಗದದಲ್ಲಿ ಬರೆದ್ರೆ ಸಾಲದು, ಎಲ್ಲರೆದುರು ಅವಮಾನ ಮಾಡಿದೋಳು ಎಲ್ಲರೆದುರೇ ಕ್ಷಮೆ ಕೇಳ್ಬೇಕು. ಈಸ್ಟರ್ ಹಿಂದಿನ ಶನಿವಾರ ಬೆಳಿಗ್ಗೆ ನಾನೇ ಡ್ರೈವ್ ಮಾಡ್ಕೊಂಡು ನಿನ್ನ ನಮ್ಮ ಸಭೆಗೆ ಕರ್ಕೊಂಡು ಹೋಗೋಕೆ ಬರ್ತೀನಿ. ಕುಂಕುಮ ಇಟ್ಕೊಂಡು ರೆಡಿಯಾಗಿರು. ಬಾಗಿಲು ತೆಗೀದಿದ್ರೆ ಮೆಟ್ಟಿಲ ಮೇಲೇ ಕೂತಿರ್ತೀನಿ. ನೀನಿಲ್ಲದೆ ನಾನಿನ್ನು ಬಟ್ಟಲು ಮುಟ್ಟಲ್ಲ.