ಓಣಿಯ ಕಡೆಗೆ ಬಾಗಿಲು

ಆಳಂದ
ಬಹುಧಾನ್ಯ ಸಂವತ್ಸರದ ಮಾಘ ಶುದ್ಧ ದಶಮಿ, ೧೯೩೯

ಪ್ರೀತಿಯ ಅಕ್ಕಾ,

ನಿನ್ನ ತಮ್ಮ ಅಂಬಾರಾಯನ ನಮಸ್ಕಾರ. ಮೊದಲು ನಿನ್ನ ಮೊಣಕಾಲು ಹೇಗಿದೆ ಹೇಳು. ಚಳಿಗೆ ಹಿಡಿದುಕೊಂಡಿದೆ ಎಂದು ಬಳೆಗಾರ್ತಿ ಖಾಸೀಂಬಿ ಹೇಳಿದಾಗಿನಿಂದ ನನಗೆ ಸಮಾಧಾನವಿಲ್ಲ. ಎಕ್ಕೆ ಎಲೆ ಬೆಚ್ಚಗೆ ಮಾಡಿ ಕಟ್ಟಿಕೊಳ್ಳಬೇಕೆಂದು ಚಂದಮ್ಮ ಹೇಳಿದ್ದಾಳೆ. ಊರಿಗೆಲ್ಲ ನೀನು ಹೇಳುವ ಮದ್ದನ್ನು ತಮ್ಮನ ಹೆಂಡತಿ ನಿನಗೇ ಹೇಳುತ್ತಾಳೆ ಎಂದು ನಗಬೇಡ, ಸುಮ್ಮನೆ ಕಟ್ಟಿಕೋ. ಇಲ್ಲಿ ನಾವು, ಮಕ್ಕಳು ಎಲ್ಲರೂ ಕ್ಷೇಮ. ಹೊಲದಲ್ಲಿ ಎಳೆ ಜೋಳದ ಸೀತನಿ ಸುಡುವ ದಿನಗಳು. ಮಕ್ಕಳ ಬಾಯಿ ಕಪ್ಪಗಾಗಿದೆ, ಅಂಗಿಯೂ ಕಪ್ಪಗಾಗಿದೆ. ಈ ಪತ್ರವನ್ನು ಬಳೆ ಮಾರಲು ನಿಮ್ಮ ಅಫಜಲಪುರಕ್ಕೆ ಬರುವ ಖಾಸೀಂಬಿಯ ಕೈಯಲ್ಲೇ ಕಳಿಸುತ್ತಿದ್ದೇನೆ. ಅಂಚೆಗೆ ಹಾಕಿದರೆ ನಿನ್ನ ಮೈದುನನಿಗೆ ಸಿಕ್ಕು, ಅವನು ಕಟ್ಟೆಯ ಮೇಲೆ ಕೂತು ಓಣಿಗೆಲ್ಲ ಕೇಳುವ ಹಾಗೆ ಓದಿಬಿಡುತ್ತಾನೆ. ಅಪ್ಪ ನನ್ನ ಜೊತೆ ನಿನ್ನನ್ನೂ ಕೂರಿಸಿ ಅಕ್ಷರ ಕಲಿಸಿದ್ದು ಎಷ್ಟು ಒಳ್ಳೆಯದಾಯಿತು ನೋಡು.

ಭಾವ ತೀರಿಕೊಂಡ ಮೇಲೆ ನೀನು ಆ ಮನೆಯಲ್ಲಿ ಹೇಗಿದ್ದೀ ಎಂಬುದು ನನಗೆ ಗೊತ್ತಿಲ್ಲದ್ದಲ್ಲ. ಅವರು ಕೆಟ್ಟವರೆಂದು ನಾನು ಅನ್ನುವುದಿಲ್ಲ, ಆದರೆ ಕೆಲಸವಿದ್ದಾಗ ಮಾತ್ರ ನಿನ್ನ ಹೆಸರು ಅವರ ನೆನಪಿಗೆ ಬರುತ್ತದೆ. ಅದಕ್ಕೇ ದೀಪಾವಳಿಯಲ್ಲಿ, ನಮ್ಮಲ್ಲಿಗೆ ಬಂದು ಇದ್ದುಬಿಡು ಎಂದು ಹೇಳಿ ಕಳಿಸಿದ್ದೆ. ನೀನು ಖಾಸೀಂಬಿಯ ಬಾಯಲ್ಲಿ ಕಳಿಸಿದ ಉತ್ತರವನ್ನು ಅವಳು ಒಂದಕ್ಷರ ಬಿಡದೆ ಒಪ್ಪಿಸಿದಳು: "ತಮ್ಮನ ಮನಿಗಿ ಹಬ್ಬಕ್ಕ ಬರ್ತೇನಿ, ಇರಾಕ ಬರಂಗಿಲ್ಲ. ಇಲ್ಲಿ ಒಬ್ಬರ ಕೈಕೆಳಗ ಇದ್ದೇನಿ, ಅಲ್ಲಿ ಮತ್ತೊಬ್ಬರ ಕೈಕೆಳಗ ಯಾಕ?" ಕೇಳಿ ನನಗೆ ಸಿಟ್ಟೂ ಬಂತು, ಅಳುವೂ ಬಂತು. ಅವ್ವ ಹೋದಾಗ ನನ್ನನ್ನು ಕಂಕುಳಲ್ಲಿ ಹೊತ್ತು, ನಿನ್ನ ಪಾಲಿನ ರೊಟ್ಟಿ ಮುರಿದು ನನ್ನ ಬಾಯಿಗೆ ಇಟ್ಟವಳು ನೀನು. ನೀನು ನನ್ನ ಮನೆಯಲ್ಲಿ ಯಾರ ಕೈಕೆಳಗೆ ಇರುತ್ತೀ? ಒಂದು ವಾರ ಮುಖ ಊದಿಸಿಕೊಂಡು ಓಡಾಡಿದೆ. ಆಮೇಲೆ ನಮ್ಮ ಮನೆಗೆ ಹತ್ತಿದಂತೆ ಕೊಟ್ಟಿಗೆ ಬಿದ್ದು ಖಾಲಿಯಾಗಿದ್ದ ಜಾಗ ಕಣ್ಣಿಗೆ ಬಿತ್ತು. ಅಲ್ಲಿ ನಿನಗೆಂದೇ ಒಂದು ಮನೆ ಕಟ್ಟುತ್ತೇನೆ, ಆಗ ನೋಡೋಣ ಅಕ್ಕ ಹೇಗೆ ಬರುವುದಿಲ್ಲ ಎಂದುಕೊಂಡೆ. ಈವರೆಗೆ ನಿನಗೆ ಸುಳಿವು ಕೊಡಲಿಲ್ಲ. ಈಗ ಹೇಳುತ್ತಿದ್ದೇನೆ, ಮನೆ ಎದ್ದು ನಿಂತಿದೆ.

ಎದ್ದು ನಿಂತಿದ್ದು ನನ್ನಿಂದ ಎಂದುಕೊಳ್ಳಬೇಡ. ನಾನು ದರ್ಜಿ, ಗೋಡೆಗೂ ಹೊಲಿಗೆಯ ಟೇಪು ಹಿಡಿದುಕೊಂಡು ಹೋದವನು. ಒಳಗೆ ಸ್ವಲ್ಪ ಬಟ್ಟೆ ಬಿಟ್ಟುಕೊಂಡರೆ ಆಮೇಲೆ ಬಿಚ್ಚಿ ದೊಡ್ಡದು ಮಾಡಬಹುದು ಎಂಬ ಬುದ್ಧಿ ನನ್ನದು. ಅದನ್ನೇ ಗೋಡೆಗೂ ಹೇಳಿದಾಗ ಗೌಂಡಿ ಲಾಡ್ಲೆಸಾಬ ಕೈಯಲ್ಲಿದ್ದ ಕಲ್ಲು ಕೆಳಗಿಟ್ಟ. "ನೀ ಅರಬಿ ಕತ್ತರ್ಸು, ಗೋಡಿ ನನಗ ಬಿಡು" ಎಂದ. ಅವನ ಕೈಗಿಂತ ಬಾಯಿ ಜೋರು, ಆದರೆ ಕೈಯೂ ಕಡಿಮೆಯಲ್ಲ. ಮನೆ ಏಳತೊಡಗಿದ್ದೇ ತಡ, ಊರಿನಲ್ಲಿ ಯಾವಾಗಲಾದರೂ ಒಂದು ಕಲ್ಲಿನ ಮೇಲೆ ಇನ್ನೊಂದು ಕಲ್ಲು ಇಟ್ಟವರೆಲ್ಲ ನಮ್ಮ ಓಣಿಗೆ ಬರತೊಡಗಿದರು. ಒಬ್ಬನು ತನ್ನ ಮನೆಯ ಬೆಳಕಿಂಡಿ ನೋಡು ಬಾ ಎಂದು ಎಳೆದುಕೊಂಡು ಹೋಗುತ್ತಿದ್ದ, ಇನ್ನೊಬ್ಬನು ತಾನು ಮಾಡಿದ ತಪ್ಪು ನೀನು ಮಾಡಬೇಡ ಎಂದು ಮಾಳಿಗೆ ಹತ್ತಿಸಿ ಸೋರುವ ಮೂಲೆ ತೋರಿಸುತ್ತಿದ್ದ. ನಮ್ಮ ಓಣಿಯ ಗೌರಾಬಾಯಿ ತನ್ನ ಮನೆಯ ನೆಲ ಬಿರಿಯದಂತೆ ಮಣ್ಣನ್ನು ಹೇಗೆ ಹದ ಮಾಡಿದಳೆಂದು ಚಂದಮ್ಮನಿಗೆ ಹೇಳಿಕೊಟ್ಟಿದ್ದಷ್ಟೇ ಅಲ್ಲ, ಸೀರೆ ಎತ್ತಿಕಟ್ಟಿ ತಾನೇ ತುಳಿದಳು. ಅಂಗಡಿಯಲ್ಲಿ ಹೊಲಿಯಬೇಕಾದ ಬಟ್ಟೆ ಗುಡ್ಡೆ ಬಿದ್ದಿದ್ದರೂ ಯಾರೂ ಬೈಯಲಿಲ್ಲ. ಅಂಗಿ ಕೇಳಲು ಬಂದವರು ಗೋಡೆ ನೋಡಿ, ಒಂದು ಸಲಹೆ ಕೊಟ್ಟು, ಅಂಗಿ ಮರೆತು ಹೋಗುತ್ತಿದ್ದರು.

ಹಾಗೆ ಅಂಗಿ ಕೇಳಲು ಬಂದವನೇ ಕಿಣ್ಣಿ ಸುಲ್ತಾನ ಊರಿನ ಧರ್ಮಣ್ಣ. ಒಕ್ಕಲುತನದವನು, ಗಿಡದ ಹುಚ್ಚು. ನಿನ್ನ ಮನೆಯ ಹಿತ್ತಲು ಖಾಲಿ ಇರುವುದನ್ನು ಕಂಡು ಅವನಿಗೆ ತಡೆಯಲಾಗಲಿಲ್ಲ. ನನ್ನನ್ನು ತನ್ನ ಗಾಡಿಯಲ್ಲಿ ಕೂರಿಸಿಕೊಂಡು ಹೋಗಿ ತನ್ನ ಹಿತ್ತಲು ತೋರಿಸಿದ. ಬಚ್ಚಲ ನೀರೆಲ್ಲ ಒಂದು ಕಾಲುವೆಯಲ್ಲಿ ಹರಿದು ಬಾಳೆ, ಕರಿಬೇವು, ನಿಂಬೆಗಳ ಬುಡ ಸುತ್ತಿಕೊಂಡು ಹೋಗುತ್ತದೆ. ಒಂದು ತಂಬಿಗೆ ನೀರೂ ದಂಡವಾಗುವುದಿಲ್ಲ. ನಿನಗೂ ಹಾಗೇ ಮಾಡಿಸೋಣವೆಂದರೆ ಲಾಡ್ಲೆಸಾಬ ಅಡ್ಡ ನಿಂತ. ಗೋಡೆಯ ಬುಡಕ್ಕೆ ನೀರು ಬಿಡುವವನು ಈ ಮನೆಯ ವೈರಿ ಎಂದ. ಧರ್ಮಣ್ಣನು ನೀರಿಲ್ಲದ ಹಿತ್ತಲಿಗೆ ಮನೆಯೇ ದಂಡ ಎಂದ. ಇಬ್ಬರೂ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ನಾನು ಹೋಗಿ ನೋಡುತ್ತೇನೆ, ಲಾಡ್ಲೆಸಾಬ ಉಳಿದ ಶಹಾಬಾದ ಕಲ್ಲಿನ ತುಂಡುಗಳನ್ನು ಗಚ್ಚಿನಲ್ಲಿ ಕೂರಿಸಿ ಗೋಡೆಯಿಂದ ದೂರಕ್ಕೆ ಕಾಲುವೆ ಮಾಡುತ್ತಿದ್ದಾನೆ, ಧರ್ಮಣ್ಣ ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕೂತು ತುಂಡು ಎತ್ತಿಕೊಡುತ್ತಿದ್ದಾನೆ. ಈಗ ಲಾಡ್ಲೆಸಾಬನ ಮನೆಯ ಹಿಂದೆಯೂ ಅಂಥದೇ ಕಾಲುವೆ, ಧರ್ಮಣ್ಣ ಕೊಟ್ಟ ಬಾಳೆಯ ಕಂದು. ನಿನ್ನ ಕರಿಬೇವು ಆಗಲೇ ಹಿಡಿದುಕೊಂಡಿದೆ. ಮಾಳಿಗೆಗೆ ಮಣ್ಣು ಹಾಕುವ ದಿನ ಇಡೀ ಓಣಿ ಬಂತು. ಕರೆಯದವರೂ ಒಂದು ಬುಟ್ಟಿ ಬಿಳಿಮಣ್ಣು ಹೊತ್ತು ತಂದು ಸುರಿದು, ಅಕ್ಕ ಯಾವಾಗ ಬರ್ತಾರ ಎಂದು ಕೇಳಿ ಹೋದರು. ಇಷ್ಟು ಜನರ ಋಣ ನಾನು ಅಂಗಿ ಹೊಲಿದು ತೀರಿಸುವಂಥದಲ್ಲ.

ಇನ್ನು ನಾನು ಮಾಡಿದ ಎಡವಟ್ಟು. ನಮ್ಮ ಮನೆಗೂ ನಿನ್ನ ಮನೆಗೂ ನಡುವಿನ ಗೋಡೆ ಒಂದೇ. ನಿನ್ನ ಬಾಗಿಲನ್ನು ಓಣಿಯ ಕಡೆಗೆ ಇಡದೆ ಆ ಗೋಡೆಯಲ್ಲೇ ಇಡಿಸಿದೆ. ಅಕ್ಕ ಬಿಸಿಲು ಮಳೆ ಅನ್ನದೆ ಇತ್ತ ಬರಲಿ, ಮಕ್ಕಳು ಅತ್ತ ಓಡಲಿ ಎಂಬ ಆಸೆ. ಬಡಿಗೇರ ಹುಲೆಪ್ಪ ಚೌಕಟ್ಟಿನ ಮೇಲೆ ಬಳ್ಳಿ ಕೆತ್ತಿಕೊಟ್ಟ. ನೋಡಿದವರೆಲ್ಲ ಹೊಗಳಿದರು. ಚಂದಮ್ಮ ಮಾತ್ರ ನೆಲ ಸಾರಿಸಲು ಬಂದವಳು ಕೈಯಲ್ಲಿ ಸಗಣಿ ಹಿಡಿದುಕೊಂಡೇ ನಿಂತಳು. "ಈ ಬಾಗಲಾ ಇದ್ರ ಅಕ್ಕ ಬರಂಗಿಲ್ರಿ" ಎಂದಳು. ನನಗೆ ತಲೆ ಬಿಸಿಯಾಗಿ, ಅಕ್ಕ ಬರುವುದು ನಿನಗೇ ಬೇಡವಾಗಿರಬೇಕು ಎಂದುಬಿಟ್ಟೆ. ಆಚೆ ನಮ್ಮ ಮನೆಗೆ ಹೋಗಿ ಅಲ್ಲಿಂದ ತನ್ನನ್ನು ಒಮ್ಮೆ ಕರೆಯಲು ಅವಳು ನನಗೆ ಹೇಳಿದಳು. ಇದೇನು ಆಟ ಎಂದುಕೊಂಡು ನಾನು ನಮ್ಮ ಮನೆಯಲ್ಲಿ ನಿಂತು ಕರೆದೆ. ಅವಳು ಕೈ ಕೂಡ ತೊಳೆಯದೆ ಬಂದು ಬಾಗಿಲಲ್ಲಿ ನಿಂತಳು. "ಹಿಂಗ ಬರಬೇಕಾಗ್ತದ್ರಿ ಅಕ್ಕ, ನಾ ಕರದಾಗೆಲ್ಲ. ಅಲ್ಲೂ ಅದನ್ನೇ ಮಾಡಾಕತ್ತಾಳ" ಎಂದಳು.

ಅಕ್ಕಾ, ನೀನು ಖಾಸೀಂಬಿಯ ಬಾಯಲ್ಲಿ ಹೇಳಿ ಕಳಿಸಿದ್ದರ ಅರ್ಥ ನನಗೆ ಆಗ ತಿಳಿಯಿತು. ಹೆಂಡತಿಯ ಮುಂದೆ ತಲೆ ತಗ್ಗಿಸಿ ನಿಂತೆ. ಅವಳು ನಕ್ಕು ನೆಲ ಸಾರಿಸಲು ಹೋದಳು. ಮರುದಿನ ಬಾಗಿಲು ಕಿತ್ತು ಓಣಿಯ ಕಡೆಗೆ ಇಡಲು ಲಾಡ್ಲೆಸಾಬನಿಗೆ ಹೇಳಿದಾಗ ಕಟ್ಟಿದ ಗೋಡೆ ಒಡೆಸುತ್ತಾನೆ ಎಂದು ಬಾಯಿಗೆ ಬಂದಂತೆ ಅಂದ. ಕಾರಣ ಕೇಳಿದ ಮೇಲೆ, "ಇರೋರ್ನ ಕೇಳಿ ಬಾಗಲಾ ಇಡ್ಬೇಕಿತ್ತು, ನಾನೂ ಕೇಳ್ಲಿಲ್ಲ" ಎಂದ. ನಡುವಿನ ಬಾಗಿಲು ಈಗ ಪೂರ್ತಿ ಮುಚ್ಚಿದೆ. ಹುಲೆಪ್ಪನ ಬಳ್ಳಿಯ ಚೌಕಟ್ಟು ಓಣಿಯ ಕಡೆಗೆ ಕೂತಿದೆ; ನಿನ್ನ ಬಾಗಿಲು ಅದು, ಒಳಗಿನಿಂದ ಅಗಳಿಯೂ ಇದೆ. ಪಕ್ಕದಲ್ಲೊಂದು ಕಟ್ಟೆ. ಅಲ್ಲಿ ಕೂತರೆ ಕೌದಿ ಹೊಲಿಯಲು ಸಂಜೆಯವರೆಗೂ ಬೆಳಕು. ನೀನು ಹೊಲಿದ ಕೌದಿಗೆ ನನ್ನ ಹೊಗಳಿಕೆ ಬೇಕಿಲ್ಲ. ಆಳಂದದ ಹೆಂಗಸರು ನಿನ್ನಿಂದ ಕೌದಿ ಹೊಲಿಸಿಕೊಳ್ಳಲು ಆಗಲೇ ನನ್ನ ಅಂಗಡಿಯ ಚಿಂದಿ ಕಾದಿರಿಸಲು ಹೇಳಿದ್ದಾರೆ. ನಿನ್ನ ದುಡಿಮೆ ನಿನ್ನದು, ನಮ್ಮದು ನಮಗೆ. ಹಬ್ಬಕ್ಕೆ ನಾವು ಕರೆಯುತ್ತೇವೆ, ಮನಸ್ಸಿದ್ದರೆ ಬಾ.

ಮಕ್ಕಳು ನಿನ್ನ ಕಾಲು ಮುಟ್ಟಿ ನಮಸ್ಕರಿಸಿದ್ದಾರೆ. ಲಾಡ್ಲೆಸಾಬ, ಧರ್ಮಣ್ಣ, ಗೌರಾಬಾಯಿ ಎಲ್ಲರೂ ನಿನ್ನನ್ನು ಕೇಳಿದ್ದಾರೆಂದು ಬರೆಯಲು ಹೇಳಿದರು. ಅಲ್ಲಿನ ಮನೆಯವರಿಗೂ ನನ್ನ ನಮಸ್ಕಾರ ತಿಳಿಸು. ನಿನ್ನ ಆಶೀರ್ವಾದ ನಮ್ಮ ಮೇಲಿರಲಿ.

ನಿನ್ನ ಕೈಯಲ್ಲಿ ಬೆಳೆದ ತಮ್ಮ,
ಅಂಬಾರಾಯ

ತಾ. ಕ.: ಖಾಸೀಂಬಿ ಬಳೆಯ ಗಂಟು ತಲೆಗೇರಿಸಿಕೊಂಡು ನಿಂತು ನನ್ನನ್ನು ಬೈಯುತ್ತಿದ್ದಾಳೆ, ಆದರೂ ಇದನ್ನು ಬರೆಯದಿದ್ದರೆ ಚಂದಮ್ಮ ಬಿಡುವುದಿಲ್ಲ. ನಿನ್ನ ಮನೆಯಲ್ಲಿ ಎಲ್ಲವೂ ಆಗಿದೆ, ಒಲೆ ಮಾತ್ರ ಇಲ್ಲ. ಲಾಡ್ಲೆಸಾಬ ಹಾಕಲು ಹೋದಾಗ ಚಂದಮ್ಮ ತಡೆದಳು; ಒಲೆ ಅಕ್ಕನ ಕೈಯಿಂದಲೇ ಆಗಬೇಕಂತೆ. ಮಣ್ಣಿಗೆ ಹೊಟ್ಟು ಕಲಸಿ ನೆನೆಹಾಕಿದ್ದಾಳೆ. ನೀನು ಒಲೆ ಹಚ್ಚಿದ ದಿನ ನಮ್ಮ ಮನೆಯಲ್ಲಿ ಅಡಿಗೆ ಮಾಡುವುದಿಲ್ಲವಂತೆ. ನಾವೆಲ್ಲ ಓಣಿಯಿಂದ ಬಂದು ನಿನ್ನ ಬಾಗಿಲು ತಟ್ಟುತ್ತೇವೆ, ನಿನ್ನ ಮನೆಯಲ್ಲಿ ಉಣ್ಣುತ್ತೇವೆ.