ಅತ್ತೆಯ ಗಂಟಲಲ್ಲಿ ಸಿಕ್ಕ ಹಸಿರು

ಗಾಲಾ ಕೊಳದ ದಂಡೆ
ಶಾಬಾನ್ ತಿಂಗಳು, ಶುಕ್ರವಾರ

ಪ್ರೀತಿಯ ಅಮ್ಮನಿಗೆ ಯಾಗಾನಾ ಮಾಡುವ ಸಲಾಮುಗಳು.

ನಿನ್ನ ದ್ವೀಪದ ಕಡೆಗೆ ದೋಣಿಯವನು ಹೊರಟು ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಹೊಟ್ಟೆಯಲ್ಲಿ ಕೂಸು ಚೆನ್ನಾಗಿ ಒದೆಯುತ್ತಿದೆ. ನಾನು ಮಾತ್ರ ವಾಂತಿ ಮಾಡಿ ಮಾಡಿ ಸೊರಗಿದ್ದೇನೆ. ಬಸುರಿನ ವಾಂತಿ ಎಂದು ನನ್ನ ಗಂಡ ಮೊಡು ತಿಳಿದಿದ್ದಾನೆ. ಅಲ್ಲ, ಇದು ದಿಹೆಯ ವಾಂತಿ.

ಈ ಕೊಳ ಎಂಥದೆಂದು ಗೊತ್ತಿದ್ದರೆ ನೀನು ನನ್ನನ್ನು ಇಲ್ಲಿಗೆ ಕೊಡುತ್ತಿರಲಿಲ್ಲ. ಚೌಳು ನೀರು, ಕೈಯಿಟ್ಟರೆ ಚರ್ಮ ಸುಲಿಯುತ್ತದೆ. ಒಂದು ಮೀನೂ ಬದುಕದ ಆ ನೀರಿನಲ್ಲಿ ಬದುಕುವುದು ಮೇಲೆ ಕೆನೆಗಟ್ಟುವ ಹಸಿರು ಲೋಳೆ ಒಂದೇ, ಅದೇ ದಿಹೆ. ಗಂಡಸರು ಇಳಿದರೆ ಕೊಳ ಬಂಜೆಯಾಗುತ್ತದಂತೆ, ಹಾಗಾಗಿ ಆ ಹೇಸಿಗೆಯೆಲ್ಲ ಹೆಂಗಸರ ಪಾಲಿಗೆ. ಸೋರೆಬುರುಡೆಯಲ್ಲಿ ಬಾಚಿ, ಮರಳಿನ ಗುಂಡಿಗೆ ಸುರಿದು, ನೀರು ಇಂಗಿದ ಮೇಲೆ ಬಿಲ್ಲೆ ಕತ್ತರಿಸಿ ಒಣಗಿಸುತ್ತೇವೆ. ನೊಣ ಮುತ್ತುತ್ತವೆ. ನಾತವೋ, ದನ ಹೊರಳಾಡಿದ ಕೆಸರಿಗೆ ಕೊಳೆತ ಸೊಪ್ಪು ಕಲಸಿದಂತೆ. ಅದನ್ನೇ ಸಾರು ಮಾಡಿ ಸಜ್ಜೆಮುದ್ದೆಗೆ ಹಚ್ಚಿಕೊಂಡು ತಿನ್ನುತ್ತಾರೆ, ಹಲ್ಲಿನಡಿ ಮರಳು ಕರಕರ ಎನ್ನುತ್ತದೆ.

ಬಸುರಿಯಾದವಳು ದಿನವೂ ಒಂದು ಬಿಲ್ಲೆ ತಿನ್ನಲೇಬೇಕು. ಆ ಕಪ್ಪು ಹಸಿರು ಹೊಟ್ಟೆಯೊಳಗೆ ಪರದೆ ಕಟ್ಟಿ, ಮಾಟಗಾತಿಯ ಕಣ್ಣಿಗೆ ಕೂಸು ಬೀಳದಂತೆ ಕಾಯುತ್ತದೆ ಎನ್ನುತ್ತಾರೆ. ಮೊದಲ ಕೂಸು ನಿಲ್ಲದೆ ಹೋದದ್ದು ನಾನು ದಿಹೆ ಉಗುಳಿದ್ದರಿಂದಲೇ ಎಂದು ಅತ್ತೆ ಕೆಲ್ಲು ಸಾಧಿಸುತ್ತಾಳೆ. “ಮೂಗು ಮುಚ್ಕೊಂಡು ನುಂಗೇ. ಈ ಸಲಾನೂ ಕಳ್ಕೊಂಡ್ರೆ ದೋಣಿ ಹತ್ಸಿ ನಿಮ್ಮಮ್ಮನ ದ್ವೀಪಕ್ಕೆ ಕಳಿಸಿಬಿಡ್ತೀನಿ,” ಎನ್ನುತ್ತಾಳೆ. ಹೇಳಿದಂತೆ ಮಾಡುವವಳೇ. ಮೊಡುವನ್ನು ಬಿಟ್ಟು ನಾನು ಬರಲಾರೆ ಅಮ್ಮ. ಆದರೂ ಬಿಲ್ಲೆಯನ್ನು ಕದ್ದು ಮೇಕೆಗೆ ಹಾಕುತ್ತಿದ್ದೆ.

ಅತ್ತೆ ಈ ಕೊಳಕ್ಕೆ ಹಿರಿಯಳು. ಅವಳು ಕೈಯೆತ್ತದೆ ಯಾರೂ ನೀರಿಗಿಳಿಯುವುದಿಲ್ಲ, ಅವಳು ನುಂಗದೆ ಯಾರೂ ಸಾರಿನ ಬೋಗುಣಿಗೆ ಕೈ ಹಾಕುವುದಿಲ್ಲ. ಮೊನ್ನೆ ರಾಜಧಾನಿಯಿಂದ ಒಬ್ಬರು ವಿಜ್ಞಾನಿ ಮೇಡಂ ಸೂಕ್ಷ್ಮದರ್ಶಕ ತಂದಿದ್ದರು. ಕೊಳದ ಒಂದು ಹನಿಯನ್ನು ಗಾಜಿನ ಮೇಲಿಟ್ಟು, ಇಂಥ ನೀರಿನಲ್ಲೂ ಬದುಕುವ ಜೀವವನ್ನು ನೋಡಿ ಅಂದರು. ಮೊದಲು ಅತ್ತೆ ಬಗ್ಗಿದಳು. ಬಹಳ ಹೊತ್ತು ನೋಡಿ, “ಚೆನ್ನಾಗಿದೆ,” ಎಂದಷ್ಟೇ ಹೇಳಿ ಪಕ್ಕಕ್ಕೆ ಸರಿದಳು. ನಾನೂ ನೋಡಿದೆ. ಹಸಿರು ಸುರುಳಿಗಳು ಒಂದರ ಮೇಲೊಂದು ಜಾರುತ್ತಿದ್ದವು. ಅದು ಬರೀ ಪಾಚಿ ಎಂದು ಮೇಡಂ ಹೇಳಿದರು.

ಆಮೇಲೆ ಎಲ್ಲರೂ ಬೋಗುಣಿಯ ಸುತ್ತ ಕೂತೆವು. ಅತ್ತೆ ತುತ್ತು ಬಾಯಿಗಿಟ್ಟಳು. ಅದು ಕೆಳಗಿಳಿಯಲೇ ಇಲ್ಲ. “ದೊಡ್ಡಮ್ಮ, ಯಾಕೆ ಹಂಗೆ ಕೂತ್ರಿ? ಆ ಗಾಜಿನೊಳಗೆ ಏನ್ ಕಂಡ್ರಿ?” ಎಂದು ನೆರೆಮನೆಯ ಫಲ್ಮತಾ ಕೇಳಿದಳು. ಕೇರಿಯ ಹೆಂಗಸರೆಲ್ಲ ಅತ್ತೆಯ ಬಾಯನ್ನೇ ನೋಡುತ್ತಿದ್ದರು. ಅವಳು ಉಗುಳಿದ್ದರೆ ಅಲ್ಲಿಗೆ ಅವಳ ಹಿರಿತನವೂ ಮುಗಿಯುತ್ತಿತ್ತು, ಕೊಳವೂ ಮುಗಿಯುತ್ತಿತ್ತು. ನನಗೆ ಒಳಗೊಳಗೇ ಹಿಗ್ಗಾಯಿತು, ನಿನ್ನಲ್ಲಿ ಏಕೆ ಮುಚ್ಚಿಡಲಿ. ಆದರೆ ಆ ಮುದುಕಿಯ ಕಣ್ಣಲ್ಲಿ ನೀರಾಡಿತು. ಹಾಳಾದ ಮರುಕ. ನಾನು ಸರದಿ ತಪ್ಪಿಸಿ ಕೈ ಹಾಕಿ, ದೊಡ್ಡ ತುತ್ತು ಅದ್ದಿ ನುಂಗಿಬಿಟ್ಟೆ.

“ಅಯ್ಯೋ, ಬಸುರಿ ಹಸಿವಿಗೆ ಹಿರಿಯರೂ ಇಲ್ಲ, ಕಿರಿಯರೂ ಇಲ್ಲ,” ಎಂದು ಎಲ್ಲರೂ ನಕ್ಕರು. ಆ ಗದ್ದಲದಲ್ಲಿ ಅತ್ತೆ ಸೆರಗಿನ ಮರೆಯಲ್ಲಿ ತುತ್ತನ್ನು ಅಂಗೈಗೆ ಉಗುಳಿದಳು.

ಸಂಜೆ ಅತ್ತೆ ನನ್ನ ಗುಡಿಸಲಿಗೆ ಬಂದು ಕೂತಳು. “ಹುಳ ಕಣೇ. ಹುಟ್ಟಿದಾಗಿಂದ ಹುಳ ತಿಂದಿದೀನಿ,” ಅಂದಳು. ಹುಳವಲ್ಲ, ಹುಲ್ಲಿನಂಥದ್ದು ಎಂದೆ. “ಹುಲ್ಲು ಹಂಗೆ ಓಡಾಡುತ್ತಾ?” ಎಂದಳು. ಹಾಗಾದರೆ ನನ್ನ ಪಾಲಿನ ಬಿಲ್ಲೆಯೂ ಬೇಡವಲ್ಲ ಎಂದು ಕೇಳಿದೆ. ಕಣ್ಣು ಕೆಕ್ಕರಿಸಿದಳು. “ಮೇಕೆ ಬಾಯಿ ಹಸಿರಾಗಿರೋದು ನಂಗೆ ಕಾಣ್ಸಲ್ವಾ? ನಾನು ತಿನ್ನಲ್ಲ. ನೀನು ತಿನ್ನು. ಕೂಸಿನ ವಿಷಯದಲ್ಲಿ ಹುಡುಗಾಟ ಬೇಡ.”

ತಿನ್ನುತ್ತಿದ್ದೇನೆ. ಹೇಸಿಗೆ ಹೋಗಿಲ್ಲ, ಹೋಗುವುದೂ ಇಲ್ಲ. ಆದರೆ ಈ ಕೂಸನ್ನೂ ಕಳೆದುಕೊಳ್ಳುವ ಭಯ ಅದಕ್ಕಿಂತ ದೊಡ್ಡದು. ನಮಗಾಗಿ ದುವಾ ಮಾಡು.

ನಿನ್ನ ಮಗಳು,
ಯಾಗಾನಾ

ಮರೆತಿದ್ದೆ: ಇದೇ ದೋಣಿ ಮರಳುವಾಗ ಒಂದು ಬುಟ್ಟಿ ಒಣಮೀನು ಕಳಿಸು. ನನಗಲ್ಲ, ದಿಹೆ ಬಿಟ್ಟು ಬರೀ ಮುದ್ದೆ ನುಂಗುತ್ತಿರುವವಳಿಗೆ. ಬುಟ್ಟಿಯ ಮೇಲೆ ಮಾತ್ರ ನನ್ನ ಹೆಸರನ್ನೇ ಬರೆ. ಕೇಳಿದವರಿಗೆ ಬಸುರಿಯ ಬಯಕೆ ಎಂದು ಅತ್ತೆಯೇ ಹೇಳುತ್ತಾಳಂತೆ.