ಪುಟ ಹದಿನೇಳರ ಮುದುಕಿ

ತಾರೀಕು ಒಂಬತ್ತು, ಮಂಗಳವಾರ

ಪುಟ್ಟೀ,

ನಾಚಿಕೆಗೇಡಿ, ಮೊದಲು ನೆಟ್ಟಗೆ ಕೂತು ಓದು. ಕಾಲು ಕುಣಿಸಬೇಡ. ಫೋನಿನಲ್ಲಾದರೆ ಮಾತು ಅರ್ಧಕ್ಕೇ ಕತ್ತರಿಸುತ್ತೀಯ, ಅದಕ್ಕೇ ಕಾಗದ. ಆಶೀರ್ವಾದ ಕೊನೆಗೆ, ಅದೂ ಮನಸ್ಸಾದರೆ.

ಕಪ್ಪು ಹಕ್ಕಿಗಳ ಮೇಲೆ ನೀನು ಬರೆದ ಪುಸ್ತಕ ತಲುಪಿತು. ಅಕ್ಷರ ಅಕ್ಷರ ಕೂಡಿಸಿಕೊಂಡು ಎಂಟು ದಿನ ಓದಿದೆ. ಗಂಡು ಕೋಗಿಲೆಗೆ ಕೆಂಪು ಕಣ್ಣು, ತಿಳಿಹಸಿರು ಕೊಕ್ಕು, ಉದ್ದ ಬಾಲ. ಕಾಗೆಗೆ ದಪ್ಪ ಕರೀ ಕೊಕ್ಕು. ಕೆಂಬೂತದ ಮೈ ಕಪ್ಪಾದರೂ ರೆಕ್ಕೆ ಇಟ್ಟಿಗೆ ಬಣ್ಣ. ನೀರುಕಾಗೆ ರೆಕ್ಕೆ ಹರವಿಕೊಂಡು ಒದ್ದೆ ಸೀರೆಯಂತೆ ಒಣಗುತ್ತದೆ. ಎಲ್ಲ ನನ್ನ ಮಾತೇ. ಒದ್ದೆ ಸೀರೆಯೂ ನನ್ನದೇ ಕಣೇ.

ಆಮೇಲೆ ಪುಟ ಹದಿನೇಳು ಬಂತು. "ಈ ಗುರುತುಗಳನ್ನು ತಿಳಿಸಿದವರು ಅಕ್ಷರ ಬಾರದ ಒಬ್ಬ ಹಳ್ಳಿಯ ಮುದುಕಿ."

ಯಾರೇ ಆ ಮುದುಕಿ? ನಿನ್ನಮ್ಮ ಸತ್ತ ಮೇಲೆ ಹನ್ನೊಂದು ವರ್ಷ ನಿನಗೆ ಜಡೆ ಹಾಕಿದವಳಾ? ಮೊನ್ನೆ ಫೋನಿನಲ್ಲಿ ಕೇಳಿದರೆ, "ಹಾಗೆ ಬರೆದ್ರೆ ಓದೋರಿಗೆ ಇಷ್ಟ ಆಗತ್ತೆ ಅಜ್ಜೀ, ನಿಂಗೆ ಇದೆಲ್ಲ ಗೊತ್ತಾಗಲ್ಲ ಬಿಡು" ಅಂದೆ. ಬಿಟ್ಟೆ. ಎರಡು ದಿನ ಊಟ ಸೇರಲಿಲ್ಲ, ಅಷ್ಟೆ.

ನಾನು ಮೂರನೇ ಕ್ಲಾಸು ಪಾಸಾದವಳು. ನಾಲ್ಕಕ್ಕೆ ಯಾಕೆ ಹೋಗಲಿಲ್ಲ ಎಂದು ನೀನು ಕೇಳಲೇ ಇಲ್ಲ. ಹೊಲದಲ್ಲಿ ಹಕ್ಕಿ ಓಡಿಸಲು ಆಳು ಬೇಕಿತ್ತು. ತಮ್ಮನನ್ನು ಸ್ಕೂಲಿಗೆ ಕಳಿಸಿ, ನನ್ನ ಕೈಗೆ ಕವಣೆ ಕೊಟ್ಟರು. ಕಾಗೆ ಮೊಳಕೆ ಕೀಳುತ್ತದೆ, ಹೊಡಿ. ಕಾಜಾಣ ಹುಳ ತಿನ್ನುತ್ತದೆ, ಮುಟ್ಟಬೇಡ ಎಂದು ಅಪ್ಪನ ಅಪ್ಪಣೆ. ದೂರಕ್ಕೆ ಎರಡೂ ಕಪ್ಪೇ. ಮೊದಲ ವಾರವೇ ಒಂದು ಕಾಜಾಣ ಬೀಳಿಸಿದೆ. ಅಪ್ಪ ಅದರ ಬಾಲವನ್ನು ನನ್ನ ಮುಖಕ್ಕೆ ಹಿಡಿದು, "ಕಣ್ಣಿಲ್ವೇನೇ ನಿಂಗೆ? ಕವಲೊಡೆದಿರೋ ಬಾಲ ಕಾಣ್ಸಲ್ವಾ?" ಎಂದು ಬಾರಿಸಿದರು. ಎಡಗಿವಿ ಮಂದವಾದದ್ದು ಅವತ್ತಿನಿಂದ. ಜ್ವರ ಬಂದು ಹಾಗಾಯಿತು ಎಂದು ನಿನಗೆ ಹೇಳಿದ್ದು ಸುಳ್ಳು. ಹಕ್ಕಿ ನೋಡುವುದು ನಿನಗೆ ಶೋಕಿ. ನಾನು ಏಟು ತಪ್ಪಿಸಿಕೊಳ್ಳಲು ಕಲಿತೆ.

ಇನ್ನೂ ಒಂದು. ಕಾಜಾಣದ ಬಾಯಿಯ ಬುಡದಲ್ಲಿ ಬಿಳಿ ಚುಕ್ಕೆ ಇದ್ದೇ ತೀರುತ್ತದೆ ಎಂದು ಬರೆದಿದ್ದೀಯ. ಎಲ್ಲಕ್ಕೂ ಇರುವುದಿಲ್ಲ. ಅವತ್ತು ನಾನು ಅಷ್ಟು ಹೇಳುವುದರೊಳಗೆ ಯಾರದೋ ಫೋನು ಬಂತೆಂದು ನೀನು ಎದ್ದುಹೋದೆ. ಪೂರ್ತಿ ಕೇಳಿಸಿಕೊಳ್ಳದೆ ಪುಸ್ತಕ ಬರೆದವಳು ನೀನು, ಅಕ್ಷರ ಬಾರದವಳು ನಾನು!

ಮತ್ತೆ ಅಚ್ಚು ಹಾಕಿಸುವಾಗ ಆ ಸಾಲು ಕಿತ್ತು ಹಾಕು. ನನ್ನ ಫೋಟೋ ಬೇಡ, ಹೊಗಳಿಕೆ ಬೇಡ. "ನಮ್ಮಜ್ಜಿ ಹೇಳಿದ್ದು" ಎಂದು ಬರೆ. ಎರಡು ಪದ. ಅಷ್ಟಕ್ಕೆ ನಿನ್ನ ಗಂಟೇನೂ ಹೋಗುವುದಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು.

ಇಂತಿ,
ನಿನ್ನ ಅಜ್ಜಿ (ಸ್ವಂತ ಕೈಬರಹ)

ಮರೆತ ಮಾತು: ಪುಸ್ತಕ ಓದಿ ಮುಗಿಸಿದ ದಿನ ಅಕ್ಕಪಕ್ಕದ ಹೆಂಗಸರು ಬಂದು, ನಮಗೂ ಒಂದಿಷ್ಟು ಓದಿ ಹೇಳು ಎಂದು ಕೂತರು. ಅವರಿಗೆ ಓದು ಬಾರದು. ಪುಟ ಹದಿನೇಳರ ಮೇಲೆ ಬೆರಳಿಟ್ಟು, "ಇದನ್ನೆಲ್ಲ ಹೇಳಿದ್ದು ನಮ್ಮಜ್ಜಿ" ಎಂದು ಗಟ್ಟಿಯಾಗಿ ಓದಿಬಿಟ್ಟೆ. ಎದುರುಮನೆಯವಳು, "ಪುಣ್ಯ ಮಾಡಿದ್ದೆ ಕಣೇ, ಅಂಥ ಮೊಮ್ಮಗಳು" ಎಂದು ಕಣ್ಣೊರೆಸಿಕೊಂಡಳು. ಅವಳ ಸೊಸೆ ಓದಿದವಳು. ತವರಿಗೆ ಹೋಗಿದ್ದಾಳೆ, ಮುಂದಿನ ತಿಂಗಳು ಬರುತ್ತಾಳೆ, ಬಂದವಳೇ ಪುಸ್ತಕ ಕೇಳುತ್ತಾಳೆ. ಅಷ್ಟರೊಳಗೆ ಉತ್ತರ ಬರೆ.